ಸಕುಟುಂಬ ಸಪರಿವಾರ: ಕಡಲು ದಾಟುವ ಹಕ್ಕು ಯಾರದು?

ಸಿಂಗಪುರದ ಕ್ಲೆಮೆಂಟಿಯಲ್ಲಿ ಸೇರಿದ್ದ ಕನ್ನಡ ಓದುಗರ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ



ಕನ್ನಡದ ಮದುವೆಯ ಕರೆಯೋಲೆಗಳಲ್ಲಿ ತಪ್ಪದೆ ಕಾಣುವ ಮಾತೊಂದಿದೆ: ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಬೇಕು.’ ಓದಿ ಓದಿ ಸವೆದುಹೋದ ಮಾತಿದು. ಆದರೆ ಇದರೊಳಗೆ ಎರಡು ಬೇರೆ ಬೇರೆ ಪದಗಳಿವೆ. ಕುಟುಂಬವೆಂದರೆ ರಕ್ತಸಂಬಂಧದಿಂದ, ಮದುವೆಯಿಂದ ಒಂದಾದವರು. ಪರಿವಾರವೆಂಬುದು ಇತ್ತೀಚೆಗೆ ಹಿಂದಿಯ ಪ್ರಭಾವದಿಂದ ಕುಟುಂಬದ ಪರ್ಯಾಯಪದದಂತೆ ಕೇಳಿಸಿದರೂ, ಕನ್ನಡದ ಹಳೆಯ ಬಳಕೆಯಲ್ಲಿ ಅದರ ಅರ್ಥ ಒಡೆಯನ ಸುತ್ತಲಿನ ಊಳಿಗದವರು, ಆಳುಕಾಳುಗಳು ಎಂದು. ಕರೆಯೋಲೆ ಇಬ್ಬರನ್ನೂ ಒಟ್ಟಿಗೆ ಕರೆಯುತ್ತದೆ. ಪಂಕ್ತಿಯಲ್ಲಿ ಇಬ್ಬರೂ ಒಟ್ಟಿಗೆ ಕೂರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಕಡಲ ಪ್ರಯಾಣದ ಚರಿತ್ರೆಯನ್ನು ಈ ಎರಡು ಪದಗಳ ಮೂಲಕ ಓದಬಹುದು. ಕುಟುಂಬವಾಗಿ ಸಮುದ್ರ ದಾಟುವ ಅವಕಾಶ ಎಲ್ಲ ಕಾಲದಲ್ಲೂ ಕೆಲವರಿಗೆ ಮಾತ್ರ ಸಿಕ್ಕಿದೆ. ಉಳಿದವರು ಒಬ್ಬೊಬ್ಬರಾಗಿ, ಕುಟುಂಬವನ್ನು ಹಿಂದೆ ಬಿಟ್ಟು, ಬೇರೆಯವರ ಪರಿವಾರವಾಗಿ ದಾಟಿದ್ದಾರೆ. ಇಂದಿನ ವಿಹಾರನೌಕೆ, ಅಂದರೆ ಎಲ್ಲರೂ ಕ್ರೂಸ್ ಎಂದು ಕರೆಯುವ ಹಡಗು, ಈ ವಿಭಜನೆಯನ್ನು ಮಹಡಿ ಮಹಡಿಯಾಗಿ ಕಟ್ಟಿ ತೋರಿಸುತ್ತದೆ.

ಕ್ಲೆಮೆಂಟಿಯ ಒಂದು ಕನ್ನಡ ಕುಟುಂಬವನ್ನು ಊಹಿಸಿಕೊಳ್ಳಿ. ಗಂಡ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮೈಸೂರಿನಿಂದ ಬಂದಿರುವ ಅಜ್ಜಿ ತಾತ. ಶಾಲೆಗೆ ರಜೆ. ಕ್ಲೆಮೆಂಟಿಯಲ್ಲಿ ರೈಲು ಹತ್ತಿ, ಊರ ನಡುವೆ ಮಾರ್ಗ ಬದಲಿಸಿ ಮರೀನಾ ಸೌತ್ ಪಿಯರ್ ನಿಲ್ದಾಣದಲ್ಲಿ ಇಳಿದರೆ, 2012ರಲ್ಲಿ ತೆರೆದ ಕ್ರೂಸ್ ನಿಲ್ದಾಣ ಅಲ್ಲಿಂದ ನಡೆಯುವಷ್ಟು ದೂರ. ಮೂರು ನಾಲ್ಕು ರಾತ್ರಿಗಳ ಯಾನ. ಪೆನಾಂಗ್, ಫುಕೆಟ್, ಮತ್ತೆ ಸಿಂಗಪುರ. ಹಡಗಿನಲ್ಲಿ ಈಜುಕೊಳ, ನಾಟಕಶಾಲೆ, ದಿನವಿಡೀ ಊಟ. ಸಸ್ಯಾಹಾರಿಗಳಿಗೆ ಬೇರೆ ಅಡುಗೆ. ತಾತನಿಗೆ ಬೆಳಗಿನ ಕಾಫಿ ತಂದುಕೊಡುವ ಹುಡುಗನ ಎದೆಯ ಮೇಲಿನ ಫಲಕದಲ್ಲಿ ಅವನ ಹೆಸರೂ ದೇಶದ ಹೆಸರೂ ಇರುತ್ತವೆ. ಆ ದೇಶ ಫಿಲಿಪ್ಪೀನ್ಸ್ ಆಗಿರಬಹುದು, ಇಂಡೋನೇಷ್ಯಾ ಆಗಿರಬಹುದು, ಭಾರತವೂ ಆಗಿರಬಹುದು. ಭಾರತವಾಗಿದ್ದರೆ ಊರು ಯಾವುದೆಂದು ತಾತ ಕೇಳುತ್ತಾರೆ. ಮಂಗಳೂರು, ಕಾರವಾರ, ಗೋವಾ ಎಂಬ ಉತ್ತರ ಬಂದರೆ ಅಚ್ಚರಿಯೇನಿಲ್ಲ. ಒಂದು ನಿಮಿಷದ ಮಾತು ನಡೆಯುತ್ತದೆ. ಅವನ ಕುಟುಂಬ ಎಲ್ಲಿದೆ ಎಂಬ ಪ್ರಶ್ನೆಯವರೆಗೆ ಸಾಮಾನ್ಯವಾಗಿ ಅದು ಮುಂದುವರಿಯುವುದಿಲ್ಲ.

ಆ ಪ್ರಶ್ನೆಗೆ ಬಹಳ ಹಳೆಯ ಬೇರುಗಳಿವೆ. ಕನ್ನಡ ಕರಾವಳಿಯಿಂದ ಹೊರಟ ಒಂದು ಕುಟುಂಬದ ಕಡಲಯಾನಕ್ಕೆ ದಾಖಲೆ ಸಿಗುವುದು ಹನ್ನೆರಡನೆಯ ಶತಮಾನದಲ್ಲಿ. ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1130ರ ದಶಕದ ಆರಂಭದಿಂದ ಸುಮಾರು ಹದಿನೇಳು ವರ್ಷ ಮಂಗಳೂರಿನ ಕಡೆ ನೆಲೆಸಿದ್ದ. ಕೈರೋದ ಹಳೆಯ ಯಹೂದಿ ಪ್ರಾರ್ಥನಾಮಂದಿರದಲ್ಲಿ ಉಳಿದುಬಂದ ಕಾಗದಪತ್ರಗಳಿಂದ ಅವನ ಬದುಕು ಬೆಳಕಿಗೆ ಬಂತು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಕೃತಿಯಿಂದ ಅದು ಸಾಮಾನ್ಯ ಓದುಗರಿಗೂ ತಲುಪಿತು. 1132ರಲ್ಲಿ ಅವನು ಅಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಅವನ ಮಕ್ಕಳ ತಾಯಿ ಈ ಅಶುವೇ ಎಂಬುದು ವಿದ್ವಾಂಸರ ಅಭಿಪ್ರಾಯ. ಅವನ ಬಳಿ ಬೊಮ್ಮ ಎಂಬ ಆಳೂ ಇದ್ದ. ಒಡೆಯನ ವ್ಯಾಪಾರದ ಕೆಲಸದ ಮೇಲೆ ಅವನು ಏಡನ್ನಿನವರೆಗೆ ಕಡಲು ದಾಟಿ ಬಂದವನು.

1149ರಲ್ಲಿ ಬೆನ್ ಯಿಜು ಮಂಗಳೂರನ್ನು ಬಿಟ್ಟು ಏಡನ್ ತಲುಪಿದ. ತಾನೂ ತನ್ನ ಸರಕೂ ಮಕ್ಕಳೂ ಕ್ಷೇಮವಾಗಿ ತಲುಪಿದ ವಿಚಾರವನ್ನು ಅಣ್ಣತಮ್ಮಂದಿರಿಗೆ ಬರೆದ. ಆ ಪತ್ರದಲ್ಲಿ ಅಶುವಿನ ಹೆಸರಿಲ್ಲ. ಒಂದೇ ಮನೆಯ ಜನ ಕಡಲಿನ ಮುಂದೆ ನಿಂತಾಗ ಯಾರು ಕುಟುಂಬ, ಯಾರು ಪರಿವಾರ ಎಂಬುದು ಹೇಗೆ ತೀರ್ಮಾನವಾಗುತ್ತದೆ ಎಂಬುದಕ್ಕೆ ಕರ್ನಾಟಕದ ಮಟ್ಟಿಗೆ ಇದಕ್ಕಿಂತ ಹಳೆಯ ಸಾಕ್ಷಿ ಸಿಗುವುದು ಕಷ್ಟ. ಮಕ್ಕಳು ದಾಟಿದರು. ತಾಯಿಯ ವಿಚಾರದಲ್ಲಿ ಪತ್ರ ಮೌನವಾಗಿದೆ.

ಈ ಚರಿತ್ರೆಯನ್ನು ಮರೆಸುವಲ್ಲಿ ‘ಸಮುದ್ರೋಲ್ಲಂಘನೆ ನಿಷಿದ್ಧವಾಗಿತ್ತು’ ಎಂಬ ಮಾತಿನ ಪಾತ್ರ ದೊಡ್ಡದು. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪಾತಕಗಳ ಪಟ್ಟಿಯಲ್ಲಿ ಸೇರಿಸಿದ್ದು ನಿಜ. ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಚಂದಾವರ್ಕರ್ 1885ರಲ್ಲಿ ಭಾರತೀಯರ ಪ್ರತಿನಿಧಿಯಾಗಿ ಇಂಗ್ಲೆಂಡಿಗೆ ಹೋದ ಕಾಲದಲ್ಲೂ ಅದರ ನಂತರವೂ ಸಾರಸ್ವತ ಸಮುದಾಯದಲ್ಲಿ ವಿದೇಶಯಾನ ಬಿಸಿಬಿಸಿ ವಾದದ ವಿಷಯವಾಗಿತ್ತು. 1888ರಲ್ಲಿ ಹಡಗು ಹತ್ತಿದ ಗಾಂಧಿಯವರನ್ನು ಅವರ ಜಾತಿಯ ಮುಖಂಡರು ಹೊರಗಿಟ್ಟರು. ಆ ನಿಷೇಧ ಪೂರ್ತಿ ಸತ್ತಿಲ್ಲ. 2008ರ ಉಡುಪಿ ಪರ್ಯಾಯದ ಹೊತ್ತಿನಲ್ಲಿ, ವಿದೇಶಯಾತ್ರೆ ಮಾಡಿಬಂದ ಪುತ್ತಿಗೆ ಮಠದ ಸ್ವಾಮಿಗಳು ಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂಬ ವಿವಾದ ರಾಜ್ಯದ ಪತ್ರಿಕೆಗಳನ್ನೆಲ್ಲ ತುಂಬಿತ್ತು.

ಆದರೆ ಆ ನಿಷೇಧ ಯಾರಿಗಾಗಿ ಇತ್ತು? ಮೊಗವೀರರಿಗೆ, ಬ್ಯಾರಿಗಳಿಗೆ, ಭಟ್ಕಳದ ನವಾಯತರಿಗೆ, ಕರಾವಳಿಯ ಕ್ರೈಸ್ತ ನಾವಿಕರಿಗೆ ಕಡಲು ಹೊಟ್ಟೆಪಾಡಿನ ದಾರಿಯಾಗಿತ್ತು. ಮೇಲುಜಾತಿಗಳ ಕಟ್ಟುಪಾಡನ್ನು ಇಡೀ ನಾಡಿನ ಸಂಪ್ರದಾಯವೆಂದು ಬರೆದುಕೊಂಡದ್ದರಿಂದ, ಕಡಲು ದಾಟಿದ ಮೊದಲ ಕನ್ನಡಿಗರೆಂದರೆ ಬ್ಯಾರಿಸ್ಟರುಗಳು, ವಿದ್ಯಾರ್ಥಿಗಳು, ಕವಿಗಳು ಎಂಬ ಚಿತ್ರ ನಿಂತುಬಿಟ್ಟಿತು. ಆಕ್ಸ್‌ಫರ್ಡ್‌ನ ವ್ಯಾಸಂಗಕ್ಕೆ ಹೋದ ವಿ.ಕೃ. ಗೋಕಾಕರು ‘ಸಮುದ್ರ ಗೀತೆಗಳು’ ಸಂಕಲನವನ್ನು ಕೊಟ್ಟರು. ಕನ್ನಡದ ಕಡಲಕಾವ್ಯದಲ್ಲಿ ಅದಕ್ಕೆ ಗಟ್ಟಿಯಾದ ಸ್ಥಾನವಿದೆ. ಅದೇ ಕಾಲದಲ್ಲಿ ಬ್ರಿಟಿಷ್ ಹಡಗುಗಳ ಕುಲುಮೆಗೆ ಕಲ್ಲಿದ್ದಲು ತುಂಬುತ್ತಿದ್ದ ಲಸ್ಕರರ ದನಿ ಕನ್ನಡಕ್ಕೆ ಬರಲಿಲ್ಲ.

ಸಿಂಗಪುರದ ಕಥೆಯೂ ಇದೇ ಬಗೆಯದು. ಇಲ್ಲಿಗೆ ಭಾರತೀಯರು ದೊಡ್ಡ ಗುಂಪಿನಲ್ಲಿ ಬಂದ ಮೊದಲ ದಾರಿಗಳಲ್ಲಿ ಒಂದು ಕೈದಿಗಳದು. 1825ರಿಂದ 1873ರವರೆಗೆ ಸಿಂಗಪುರ ಭಾರತೀಯ ಕೈದಿಗಳ ವಸಾಹತಾಗಿತ್ತು. ಸೇಂಟ್ ಆ್ಯಂಡ್ರ್ಯೂಸ್ ಕ್ಯಾಥೆಡ್ರಲ್, ಇಂದು ರಾಷ್ಟ್ರಾಧ್ಯಕ್ಷರ ನಿವಾಸವಾಗಿರುವ ಇಸ್ತಾನಾ, ಅನೇಕ ರಸ್ತೆಗಳು, ಎಲ್ಲದರಲ್ಲೂ ಅವರ ಬೆವರಿದೆ. ಕೈದಿಗೆ ಕುಟುಂಬದ ಪ್ರಶ್ನೆಯೇ ಇರಲಿಲ್ಲ. ಅವರ ಹಿಂದೆ ರಬ್ಬರ್ ತೋಟಗಳಿಗೆ ಕೂಲಿಗಳು ಬಂದರು, ಮೇಸ್ತ್ರಿಗಳ ಮೂಲಕ, ಸಾಲದ ಮೂಲಕ.

ಆ ಕಾಲದ ಹಡಗಿನ ನೆನಪು ಇಲ್ಲಿನ ಹಿರಿಯ ತಮಿಳರಲ್ಲಿ ಇನ್ನೂ ಹಸಿರಾಗಿದೆ. ‘ರಜುಲಾ’ ಎಂಬ ಹಡಗು 1926ರಿಂದ 1970ರ ದಶಕದ ಆರಂಭದವರೆಗೆ ಮದರಾಸು, ನಾಗಪಟ್ಟಣಗಳಿಂದ ಪೆನಾಂಗ್ ಮಾರ್ಗವಾಗಿ ಸಿಂಗಪುರಕ್ಕೆ ಓಡಿತು. ಸುಮಾರು ಒಂದು ವಾರದ ಪ್ರಯಾಣ. ಮೇಲೆ ಕೆಲವೇ ಕ್ಯಾಬಿನ್ನುಗಳು. ಕೆಳಗೆ ಡೆಕ್ಕಿನಲ್ಲಿ ಚಾಪೆ ಹಾಸಿ, ಟ್ರಂಕನ್ನು ತಲೆಯ ಬಳಿ ಇಟ್ಟು ಮಲಗುವ ಸಾವಿರಾರು ಜನ. ಅನಂತರ ಅದೇ ಮಾರ್ಗದಲ್ಲಿ ‘ಚಿದಂಬರಂ’ ಓಡಿತು. 1980ರ ದಶಕದ ನಡುವೆ ಅದರಲ್ಲಿ ಬೆಂಕಿ ಹೊತ್ತಿ ಹಲವರು ಸತ್ತ ಮೇಲೆ ಆ ಯಾನ ನಿಂತುಹೋಯಿತು. ವಸಾಹತು ಕಾಲದಲ್ಲಿ ಸಿಂಗಪುರ ತಲುಪಿದ ಡೆಕ್ ಪ್ರಯಾಣಿಕರನ್ನು ನೇರವಾಗಿ ಊರಿಗೆ ಬಿಡುತ್ತಿರಲಿಲ್ಲ. 1874ರಲ್ಲಿ ಆರಂಭವಾದ ಸೇಂಟ್ ಜಾನ್ಸ್ ದ್ವೀಪದ ಸೋಂಕುತಡೆ ಕೇಂದ್ರದಲ್ಲಿ ಅವರನ್ನು ಇಳಿಸಿ, ಮೈಯನ್ನೂ ಬಟ್ಟೆಗಳನ್ನೂ ಶುದ್ಧಿಮಾಡಿ, ದಿನಗಟ್ಟಲೆ ಇರಿಸಿಕೊಂಡು ಕಳಿಸುತ್ತಿದ್ದರು. ರೋಗಾಣು ಟಿಕೆಟ್ಟಿನ ದರ್ಜೆ ನೋಡಿ ಅಂಟುತ್ತದೆ ಎಂಬಂತೆ, ಕ್ಯಾಬಿನ್ನಿನವರಿಗೆ ಆ ಕಾಟ ಇರಲಿಲ್ಲ. ಇಂದಿನ ವಿಹಾರನೌಕೆಗಳು ಮರೀನಾ ಬಿಟ್ಟ ಮೇಲೆ ಇದೇ ದಕ್ಷಿಣ ದ್ವೀಪಗಳ ಹತ್ತಿರ ಸಾಗುತ್ತವೆ. ಮೇಲಿನ ಮಹಡಿಯಲ್ಲಿ ನಿಂತು ಫೋಟೋ ತೆಗೆಯುವವರ ಹಿನ್ನೆಲೆಯಲ್ಲಿ ಸೇಂಟ್ ಜಾನ್ಸ್ ದ್ವೀಪ ಹಸಿರಾಗಿ ಕಾಣುತ್ತದೆ.

ಇದೆಲ್ಲ ತಮಿಳರ ಚರಿತ್ರೆ, ಕನ್ನಡಿಗರದಲ್ಲ ಎಂಬ ಮಾತು ಸಂಘಗಳಲ್ಲಿ ಆಗಾಗ ಕೇಳಿಬರುತ್ತದೆ. ಡೆಕ್ಕಿನಲ್ಲಿದ್ದವರಲ್ಲಿ ತಮಿಳರೇ ಹೆಚ್ಚು ಎಂಬುದು ಸತ್ಯ. ಆದರೆ ವಿಮಾನದಲ್ಲಿ ಬಂದಿಳಿದ ಕನ್ನಡದ ಎಂಜಿನಿಯರಿಗೆ ಇಡ್ಲಿಯ ಅಂಗಡಿ, ದೀಪಾವಳಿಯ ರಜೆ, ದೇವಸ್ಥಾನ, ಮಲ್ಲಿಗೆ ಹೂವು ಸಿದ್ಧವಾಗಿ ಸಿಕ್ಕಿದ್ದು ಯಾರಿಂದ ಎಂಬುದನ್ನು ಮರೆಯಬಾರದು. ಚಾಪೆ ಹಾಸಿ ಬಂದವರು ಕಟ್ಟಿದ ಊರಿನಲ್ಲಿ ಸೂಟ್‌ಕೇಸ್ ಹಿಡಿದು ಬಂದವರು ನೆಲೆಸಿದ್ದಾರೆ.

ಕ್ಲೆಮೆಂಟಿ ಎಂಬ ಹೆಸರಿನಲ್ಲೂ ಈ ಕಥೆಯ ಒಂದು ಎಳೆಯಿದೆ. 1930ರಿಂದ 1934ರವರೆಗೆ ಇಲ್ಲಿ ಗವರ್ನರ್ ಆಗಿದ್ದ ಸರ್ ಸೆಸಿಲ್ ಕ್ಲೆಮೆಂಟಿಯಿಂದ ಈ ಹೆಸರು ಬಂತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆತ ಹುಟ್ಟಿದ್ದು ಕಾನ್ಪುರದಲ್ಲಿ; ಆಳಿದ್ದು ಹಾಂಕಾಂಗ್ ಮತ್ತು ಮಲಯ. ಆತನ ಕಾಲದಲ್ಲೇ, 1933ರಲ್ಲಿ, ಅನ್ಯದೇಶೀಯರ ಕಾಯಿದೆ ಜಾರಿಗೆ ಬಂದು ಚೀನೀ ಗಂಡಸರ ಆಗಮನಕ್ಕೆ ಮಿತಿ ಬಿತ್ತು. ಹೆಂಗಸರಿಗೆ 1938ರವರೆಗೆ ಆ ಮಿತಿ ಇರಲಿಲ್ಲ. ಆ ಸಂದಿನಲ್ಲಿ ಸಾವಿರಾರು ಚೀನೀ ಹೆಂಗಸರು ಒಬ್ಬಂಟಿಯಾಗಿ ಕಡಲು ದಾಟಿ ಬಂದು ಮನೆಗೆಲಸ, ಕಟ್ಟಡದ ಕೆಲಸಗಳಿಗೆ ಸೇರಿದರು. ಕೆಂಪು ತಲೆವಸ್ತ್ರದ ಸಂಸುಯಿ ಹೆಂಗಸರು ಇಂದು ಸಿಂಗಪುರದ ಹೆಮ್ಮೆಯ ಪ್ರತಿಮೆಗಳಾಗಿದ್ದಾರೆ. ಅವರು ಎಂತಹ ಕಾಯಿದೆಯ ಸಂದಿನಲ್ಲಿ ನುಸುಳಿ ಬಂದರೆಂಬುದನ್ನು ಪ್ರತಿಮೆ ಹೇಳುವುದಿಲ್ಲ. ಯಾರು, ಎಷ್ಟು ಜನ, ಯಾರ ಜೊತೆಗೆ ಕಡಲು ದಾಟಬೇಕು ಎಂಬುದನ್ನು ಸರ್ಕಾರದ ಒಂದು ಹಾಳೆ ತೀರ್ಮಾನಿಸುತ್ತಿತ್ತು.

ಅಂತಹ ಹಾಳೆಯ ಕ್ರೌರ್ಯ ಕಡಲಿನ ಮೇಲೆಯೇ ಬಯಲಾದ ಪ್ರಸಂಗ ‘ಕೊಮಗಟ ಮಾರು’ ಹಡಗಿನದು. ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಎಂದು ಕೆನಡಾ 1908ರಲ್ಲಿ ನಿಯಮ ಮಾಡಿತು; ಭಾರತದಿಂದ ಅಂತಹ ನೇರ ಹಡಗೇ ಇರಲಿಲ್ಲ. 1914ರ ಮೇ ತಿಂಗಳಲ್ಲಿ 376 ಪ್ರಯಾಣಿಕರೊಡನೆ ವ್ಯಾಂಕೂವರ್ ಮುಟ್ಟಿದ ಹಡಗನ್ನು ಎರಡು ತಿಂಗಳು ನೀರಿನಲ್ಲೇ ನಿಲ್ಲಿಸಿ ಹಿಂದಕ್ಕೆ ಅಟ್ಟಲಾಯಿತು. ಮರಳುವಾಗ ಸಿಂಗಪುರದಲ್ಲಿಯೂ ಅವರಿಗೆ ನೆಲಕ್ಕೆ ಕಾಲಿಡಲು ಬಿಡಲಿಲ್ಲ. ಕೊನೆಗೆ ಕಲ್ಕತ್ತಾದ ಬಳಿಯ ಬಜ್‌ಬಜ್‌ನಲ್ಲಿ ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಕೆನಡಾದಲ್ಲಿ ಮೊದಲೇ ನೆಲೆಸಿದ್ದ ಭಾರತೀಯ ಗಂಡಸರಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಅನುಮತಿ ಸಿಕ್ಕಿದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. ಕುಟುಂಬವಿಲ್ಲದ ಕೂಲಿ ಎಂದಾದರೂ ಹಿಂದಿರುಗುತ್ತಾನೆ, ಕುಟುಂಬವಿದ್ದವನು ಪ್ರಜೆಯಾಗುತ್ತಾನೆ ಎಂಬ ಲೆಕ್ಕಾಚಾರ ಆ ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತಿತ್ತು.

ಈ ಲೆಕ್ಕಾಚಾರ ವಸಾಹತು ಕಾಲದೊಡನೆ ಮುಗಿಯಲಿಲ್ಲ. 2020ನೆಯ ಇಸವಿ ಅದನ್ನು ಮತ್ತೆ ಬಯಲಿಗೆ ತಂದಿತು. ಆ ವರ್ಷದ ಫೆಬ್ರವರಿಯಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಎಂಬ ವಿಹಾರನೌಕೆ ಜಪಾನಿನ ಯೊಕೊಹಾಮಾದಲ್ಲಿ ಸೋಂಕುತಡೆಗೆ ಒಳಗಾಯಿತು. ಹಡಗಿನಲ್ಲಿ 3,711 ಜನರಿದ್ದರು. ಅವರಲ್ಲಿ 700ಕ್ಕೂ ಹೆಚ್ಚು ಮಂದಿಗೆ ಕೊರೊನಾ ತಗುಲಿತು. ಪ್ರಯಾಣಿಕರಿಗೆ ಕೋಣೆ ಬಿಟ್ಟು ಹೊರಬರಬೇಡಿ ಎಂಬ ಆಜ್ಞೆಯಾಯಿತು. ಹಾಗಾದರೆ ಅವರ ಬಾಗಿಲಿಗೆ ಮೂರು ಹೊತ್ತಿನ ಊಟ ಮುಟ್ಟಿಸುವವರು ಯಾರು? ಹಡಗಿನ ನೌಕರರು. ಒಂದೇ ಕೋಣೆಯನ್ನು ಹಂಚಿಕೊಂಡು ಮಲಗುತ್ತ, ಒಂದೇ ಊಟದ ಮನೆಯಲ್ಲಿ ಉಣ್ಣುತ್ತ ಅವರು ಕೆಲಸ ಮುಂದುವರಿಸಿದರು. ಆ ಹಡಗಿನಲ್ಲಿ 138 ಭಾರತೀಯರಿದ್ದರು. ಅವರಲ್ಲಿ ಪ್ರಯಾಣಿಕರು 6 ಮಂದಿ, ನೌಕರರು 132 ಮಂದಿ.

ಈ ಎರಡು ಅಂಕಿಗಳನ್ನು ನಿಧಾನವಾಗಿ ನೋಡಬೇಕು. ಭಾರತದ ಮಧ್ಯಮವರ್ಗ ವಿಹಾರನೌಕೆಯ ಗಿರಾಕಿಯಾಗಿ ಬೆಳೆಯುತ್ತಿದೆ. ಬೆಂಗಳೂರಿನಿಂದ ಹಾರಿಬಂದು ಸಿಂಗಪುರದಲ್ಲಿ ಹಡಗು ಹತ್ತುವ ಕುಟುಂಬಗಳು ಈಗ ಹೇರಳ. ಆದರೂ ಆ ಹಡಗಿನಲ್ಲಿ ಒಬ್ಬ ಭಾರತೀಯ ಗಿರಾಕಿಗೆ 22 ಭಾರತೀಯ ನೌಕರರಿದ್ದರು. ಕಡಲಿನ ಮೇಲೆ ಭಾರತವನ್ನು ಯಾರು ಪ್ರತಿನಿಧಿಸುತ್ತಾರೆ ಎಂದು ಕೇಳಿದರೆ, ಜಾಹೀರಾತಿನಲ್ಲಿ ನಗುವ ಕುಟುಂಬಕ್ಕಿಂತ ಆ 132 ಮಂದಿಯ ಹೆಸರನ್ನೇ ಮೊದಲು ಹೇಳಬೇಕಾಗುತ್ತದೆ.

ಅದೇ ವರ್ಷದ ಕೊನೆಯಲ್ಲಿ ಸಿಂಗಪುರ ‘ಎಲ್ಲಿಗೂ ಹೋಗದ ಯಾನ’ಗಳನ್ನು ಆರಂಭಿಸಿತು. ಹಡಗು ಇಲ್ಲಿಂದಲೇ ಹೊರಟು, ಯಾವ ಬಂದರನ್ನೂ ಮುಟ್ಟದೆ, ಇಲ್ಲಿಗೇ ಮರಳುತ್ತಿತ್ತು. ಡಿಸೆಂಬರಿನಲ್ಲಿ ‘ಕ್ವಾಂಟಮ್ ಆಫ್ ದ ಸೀಸ್’ ಹಡಗು ಒಬ್ಬ ವೃದ್ಧ ಪ್ರಯಾಣಿಕರಿಗೆ ಸೋಂಕಿದೆಯೆಂದು ಮಧ್ಯದಲ್ಲೇ ಹಿಂದಿರುಗಿತು. ಮರುಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ತಿಳಿಯಿತು. ಆಗ ಹಡಗಿನಲ್ಲಿದ್ದವರು 1,680 ಅತಿಥಿಗಳು, 1,148 ನೌಕರರು. ಅಂದರೆ ಮೂವರು ವಿಹಾರಿಗಳಿಗೆ ಸುಮಾರು ಇಬ್ಬರು ದುಡಿಯುವವರು.

ಆ ಡಿಸೆಂಬರಿನಲ್ಲಿ ಇನ್ನೂ ಎರಡು ಸಂಗತಿಗಳು ನಡೆಯುತ್ತಿದ್ದವು. ಲೋಕದ ಕಡಲುಗಳಲ್ಲಿ ಸುಮಾರು 4 ಲಕ್ಷ ನಾವಿಕರು ಒಪ್ಪಂದದ ಅವಧಿ ಮುಗಿದರೂ ಮನೆಗೆ ಹೋಗಲಾಗದೆ ಹಡಗುಗಳಲ್ಲೇ ಸಿಕ್ಕಿಬಿದ್ದಿದ್ದರು. ಸಿಂಗಪುರದ ನೆಲದ ಮೇಲೆ ವಲಸೆ ಕಾರ್ಮಿಕರು ತಮ್ಮ ವಸತಿಗೃಹಗಳಿಂದ ಕೆಲಸಕ್ಕಲ್ಲದೆ ಸ್ವಇಚ್ಛೆಯಿಂದ ಹೊರಬರುವಂತಿರಲಿಲ್ಲ. ಕ್ಲೆಮೆಂಟಿಯ ಪಕ್ಕದ ನಿಲ್ದಾಣ ಜುರಾಂಗ್ ಈಸ್ಟ್. ಅಲ್ಲಿಂದ ದೂರವಲ್ಲದ ತೋ ಗುವಾನ್ ರಸ್ತೆಯ ವಸತಿಗೃಹ, ಏಪ್ರಿಲ್ 5ರಂದು ಮೊದಲು ಬಂದ್ ಆದ ಎರಡು ವಸತಿಗೃಹಗಳಲ್ಲಿ ಒಂದು. ವಸತಿಗೃಹಗಳಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸೋಂಕು ತಗುಲಿತ್ತೆಂದು ಸರ್ಕಾರವೇ ಅದೇ ಡಿಸೆಂಬರಿನಲ್ಲಿ ಪ್ರಕಟಿಸಿತು. ಒಂದೇ ತಿಂಗಳು, ಒಂದೇ ಊರು: ಒಬ್ಬರಿಗೆ ಎಲ್ಲಿಗೂ ಹೋಗದೆ ಸಮುದ್ರ ಸುತ್ತಿ ಬರುವ ಸ್ವಾತಂತ್ರ್ಯ, ಇನ್ನೊಬ್ಬರಿಗೆ ಮುಂದಿನ ಬೀದಿಯ ಅಂಗಡಿಗೂ ಹೋಗದ ನಿರ್ಬಂಧ.

ಹಡಗಿನ ಕೆಲಸದ ರೀತಿಯನ್ನೂ ಸ್ವಲ್ಪ ತಿಳಿಯಬೇಕು. ದೊಡ್ಡ ವಿಹಾರನೌಕೆಗಳು ಬಹುಪಾಲು ಬಹಾಮಾಸ್, ಪನಾಮಾ, ಬರ್ಮುಡಾಗಳಂತಹ ದೇಶಗಳ ಧ್ವಜ ಹಾರಿಸುತ್ತವೆ. ಒಡೆತನ ಒಂದು ದೇಶದ್ದು, ಗಿರಾಕಿಗಳು ಇನ್ನೊಂದು ದೇಶದವರು, ನೌಕರರು ಮತ್ತೊಂದು ದೇಶದವರು, ಕಾನೂನು ಮಾತ್ರ ಧ್ವಜದ ದೇಶದ್ದು. 2006ರ ಕಡಲ ಕಾರ್ಮಿಕರ ಒಡಂಬಡಿಕೆ 2013ರಲ್ಲಿ ಜಾರಿಗೆ ಬಂತು. ಭಾರತ 2015ರಲ್ಲಿ ಅದನ್ನು ಅನುಮೋದಿಸಿತು. ಅದು ನಿಜವಾದ ಗೆಲುವು. ಸಂಬಳ, ವೈದ್ಯಕೀಯ ನೆರವು, ಊರಿಗೆ ಮರಳಿಸುವ ಹೊಣೆ ಎಲ್ಲವೂ ಅದರಲ್ಲಿವೆ. ಆದರೆ ಅದು ಹಾಕಿರುವ ಮಿತಿಗಳಲ್ಲೊಂದು ವಾರಕ್ಕೆ ಕನಿಷ್ಠ 77 ಗಂಟೆಗಳ ವಿಶ್ರಾಂತಿ. ವಾರದ 168 ಗಂಟೆಗಳಲ್ಲಿ ಅದನ್ನು ಕಳೆದರೆ ಉಳಿಯುವುದು 91 ಗಂಟೆ. ಆ ಮಾನದಂಡವನ್ನು ಅನುಸರಿಸುವ ಹಡಗಿನಲ್ಲಿ ಅಷ್ಟೂ ಹೊತ್ತು ದುಡಿಸಿಕೊಂಡರೆ ಒಡಂಬಡಿಕೆ ಮುರಿಯುವುದಿಲ್ಲ. ಇಂತಹ ದುಡಿಮೆ ಆರರಿಂದ ಒಂಬತ್ತು ತಿಂಗಳು ಮನೆಯಿಂದ ದೂರ ನಡೆಯುತ್ತದೆ. ಮೇಲಿನ ಮಹಡಿಯಲ್ಲಿ ಬೇರೆಯವರ ಮಕ್ಕಳಿಗೆ ಹುಟ್ಟುಹಬ್ಬದ ಹಾಡು ಹೇಳಿ ಚಪ್ಪಾಳೆ ತಟ್ಟುವವನು ತನ್ನ ಮಗುವಿನ ಹುಟ್ಟುಹಬ್ಬವನ್ನು ಫೋನಿನಲ್ಲಿ ನೋಡುತ್ತಾನೆ.

ನೆಲದ ಮೇಲಿನ ಸಿಂಗಪುರವೂ ಇದೇ ಹಡಗಿನ ನಕ್ಷೆಯಲ್ಲಿದೆ. ಇಲ್ಲಿ ಕುಟುಂಬಕ್ಕೆ ಬೆಲೆ ಕಟ್ಟಲಾಗಿದೆ, ಆ ಬೆಲೆ ಅಂಕಿಯಲ್ಲಿದೆ. ಹೆಂಡತಿ ಅಥವಾ ಗಂಡನನ್ನು, ಮಕ್ಕಳನ್ನು ಡಿಪೆಂಡೆಂಟ್ಸ್ ಪಾಸಿನ ಮೇಲೆ ಕರೆಸಿಕೊಳ್ಳಲು ತಿಂಗಳಿಗೆ ಕನಿಷ್ಠ 6,000 ಸಿಂಗಪುರ ಡಾಲರ್ ನಿಗದಿತ ಸಂಬಳ ಬೇಕು. ತಂದೆತಾಯಿಯರನ್ನು ದೀರ್ಘಕಾಲ ಇರಿಸಿಕೊಳ್ಳಲು 12,000 ಬೇಕು. ವರ್ಕ್ ಪರ್ಮಿಟ್ಟಿನವರಿಗೆ, ಅಂದರೆ ಕಟ್ಟಡ, ಹಡಗುಕಟ್ಟೆ, ಮನೆಗೆಲಸದವರಿಗೆ, ಈ ಬೆಲೆಯೇ ಇಲ್ಲ. ಅವರಿಗೆ ಕುಟುಂಬ ಮಾರಾಟಕ್ಕಿಲ್ಲ. ಇಲ್ಲಿನ ಪ್ರಜೆಯನ್ನು ಮದುವೆಯಾಗಬೇಕಾದರೂ ಸರ್ಕಾರದ ಒಪ್ಪಿಗೆ ಬೇಕು. ಮನೆಗೆಲಸದ ಹೆಂಗಸರು ಆರು ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆಗೆ ಹೋಗಬೇಕು. ಗರ್ಭ ನಿಂತಿದೆಯೇ ಎಂಬುದನ್ನೂ ಅಲ್ಲಿ ನೋಡುತ್ತಾರೆ. ನಿಂತಿದ್ದರೆ ಕೆಲಸ ಹೋಗುತ್ತದೆ, ಊರಿಗೆ ಕಳಿಸಲಾಗುತ್ತದೆ.

ಈ ನಿಯಮಗಳ ಬಿಸಿ ಕನ್ನಡದ ಮನೆಗಳಿಗೂ ತಟ್ಟಿದೆ. 2021ರ ಮೇ ತಿಂಗಳಿಂದ ಡಿಪೆಂಡೆಂಟ್ಸ್ ಪಾಸಿನವರು ಕೆಲಸ ಮಾಡಬೇಕಾದರೆ ತಮ್ಮದೇ ಬೇರೆ ಪಾಸ್ ಪಡೆಯಬೇಕಾಯಿತು. ಓದಿದ, ದುಡಿಯಬಲ್ಲ ಹೆಂಗಸರು ‘ಅವಲಂಬಿತರು’ ಎಂಬ ಪದವನ್ನು ಅದರ ಪೂರ್ಣ ಅರ್ಥದಲ್ಲಿ ಅನುಭವಿಸಿದರು. ಎಂಟು ಸಾವಿರ ಡಾಲರ್ ದುಡಿಯುವ ಮಗ ಹೆಂಡತಿಯನ್ನು ಕರೆತರಬಹುದು, ಒಂಟಿಯಾದ ತಾಯಿಯನ್ನು ಇರಿಸಿಕೊಳ್ಳಲಾರ. ಅದೇ ಮನೆಯ ಅಡುಗೆಕೋಣೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಮಲಗುವ ಜಾವಾದ ಹೆಂಗಸು ತನ್ನ ಮಗುವನ್ನು ತನ್ನ ತಾಯಿಯ ಮಡಿಲಲ್ಲಿ ಬಿಟ್ಟು ಬಂದಿದ್ದಾಳೆ. ಮಹಡಿ ಬೇರೆ, ಹಡಗು ಒಂದೇ.

ಸಿಂಗಪುರವನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಬ್ರಿಟನ್ 2024ರ ಮಾರ್ಚಿನಿಂದ, ಹೊಸದಾಗಿ ಬರುವ ಆರೈಕೆ ಕೆಲಸಗಾರರು ಕುಟುಂಬವನ್ನು ಕರೆತರುವುದನ್ನು ನಿಷೇಧಿಸಿತು. ಬ್ರಿಟನ್ನಿನ ವೃದ್ಧರನ್ನು ನೋಡಿಕೊಳ್ಳಲು ಆಗ ಅವರು ಬೇಕಾಗಿದ್ದರು, ಅವರ ಮಕ್ಕಳು ಬೇಡವಾಗಿದ್ದರು. ಕೊಲ್ಲಿ ದೇಶಗಳಲ್ಲಿ ಸಂಬಳದ ಮಿತಿ ದಾಟದವರಿಗೆ ಫ್ಯಾಮಿಲಿ ವೀಸಾ ಇಲ್ಲ. ಮಂಗಳೂರು, ಭಟ್ಕಳಗಳ ಎಷ್ಟೋ ಮನೆಗಳಲ್ಲಿ ತಂದೆ ಎಂದರೆ ವರ್ಷಕ್ಕೋ ಎರಡು ವರ್ಷಕ್ಕೋ ಬರುವ ಅತಿಥಿ. ಅಮೆರಿಕದಲ್ಲಿ ಎಚ್-4 ವೀಸಾದ ಹೆಂಡತಿಯರಲ್ಲಿ ಕೆಲವರಿಗೆ ಕೆಲಸದ ಅನುಮತಿ ಸಿಕ್ಕಿದ್ದು 2015ರಲ್ಲಿ. ಕುಟುಂಬವೆಂಬುದು ಮನುಷ್ಯನ ಸಹಜ ಸ್ಥಿತಿ ಎಂದು ಎಲ್ಲ ದೇಶಗಳ ರಾಜಕಾರಣಿಗಳೂ ಭಾಷಣ ಮಾಡುತ್ತಾರೆ. ವಲಸೆಯ ಕಾನೂನು ಬರೆಯುವಾಗ ಅದನ್ನು ಸಂಬಳದ ಚೀಟಿಗೆ ಕಟ್ಟುತ್ತಾರೆ.

ಇಲ್ಲಿ ಕೆಲವು ಆಕ್ಷೇಪಗಳು ಏಳುವುದು ಸಹಜ. ಮೊದಲನೆಯದು: ಅವರು ಇಷ್ಟಪಟ್ಟೇ ಬಂದಿದ್ದಾರೆ, ಊರಿನಲ್ಲಿ ಸಿಗದಷ್ಟು ದುಡಿಯುತ್ತಾರೆ. ಇದು ಸುಳ್ಳಲ್ಲ. ಹಡಗಿನ ದುಡಿಮೆಯಿಂದ ಕರಾವಳಿಯಲ್ಲಿ ಮನೆಗಳು ಎದ್ದಿವೆ, ತಂಗಿಯರ ಮದುವೆಗಳಾಗಿವೆ, ಮಕ್ಕಳು ಎಂಜಿನಿಯರುಗಳಾಗಿದ್ದಾರೆ. ಅವರನ್ನು ಬರಿಯ ಬಲಿಪಶುಗಳೆಂದು ಕಾಣುವುದು ಅವರ ಧೈರ್ಯಕ್ಕೆ ಮಾಡುವ ಅವಮಾನ. ಆದರೆ ಸಾಫ್ಟ್‌ವೇರ್ ಎಂಜಿನಿಯರೂ ಇಷ್ಟಪಟ್ಟೇ ಬಂದವನು. ಅವನ ಇಷ್ಟಕ್ಕೆ ಹೆಂಡತಿ ಮಕ್ಕಳನ್ನು ತೊರೆಯುವ ಷರತ್ತು ಇರಲಿಲ್ಲ.

ಎರಡನೆಯದು: ಹಾಗಾದರೆ ಯಾರೂ ರಜೆಗೆ ಹಡಗು ಹತ್ತಬಾರದೇ? ಹತ್ತದಿರುವುದರಿಂದ ಯಾರ ವಿಶ್ರಾಂತಿಯ ಗಂಟೆಯೂ ಹೆಚ್ಚುವುದಿಲ್ಲ, ಕೆಲವರ ಕೆಲಸ ಹೋಗುತ್ತದೆ ಅಷ್ಟೆ. ಕಡಲನ್ನು ಮುಟ್ಟದೆ ಶುದ್ಧವಾಗಿ ಉಳಿಯುವ ಹಂಬಲ ಹಳೆಯ ಸಮುದ್ರೋಲ್ಲಂಘನೆಯ ಮಡಿಗೆ ತೀರ ಹತ್ತಿರದ್ದು. ಪ್ರಗತಿಪರರಿಗೆ ಆ ಮಡಿ ಬೇಡ.

ಮೂರನೆಯದು: ಪರದೇಶದ ಕಾನೂನನ್ನು ಪ್ರಶ್ನಿಸಲು ವಲಸೆ ಬಂದವರಿಗೆ ಏನು ಹಕ್ಕಿದೆ? ಪಾಸಿನ ಮೇಲೆ ಇರುವವರ ಬಾಯಿ ಕಟ್ಟಿರುತ್ತದೆ ಎಂಬುದು ನಿಜ. ಆದರೆ ಮನೆಯ ಬಾಗಿಲಿನೊಳಗೆ ಒಡೆತನ ಯಾರದು? ಮನೆಗೆಲಸದವರಿಗೆ ವಾರದ ರಜೆ 2013ರಿಂದ ಇಲ್ಲಿ ಕಾನೂನು. ದುಡ್ಡು ಕೊಟ್ಟು ಆ ರಜೆಯನ್ನು ಕೊಂಡುಕೊಳ್ಳುವ ಅವಕಾಶವಿದ್ದುದರಿಂದ, ತಿಂಗಳಿಗೆ ಒಂದು ರಜೆಯನ್ನಾದರೂ ಹಾಗೆ ಕೊಳ್ಳುವಂತಿಲ್ಲ ಎಂದು 2023ರಲ್ಲಿ ಮತ್ತೊಂದು ನಿಯಮ ತರಬೇಕಾಯಿತು. ಆ ನಿಯಮ ಬೇಕಾದದ್ದು ಯಾರ ಮನೆಗಳಿಂದಾಗಿ ಎಂದು ಪ್ರತಿ ಭಾಷೆಯ ಸಂಘವೂ ತನ್ನನ್ನೇ ಕೇಳಿಕೊಳ್ಳಬೇಕು. ಕುಟುಂಬ ವಿಹಾರಕ್ಕೆ ಹೋಗುವಾಗ ಮಕ್ಕಳನ್ನು ನೋಡಿಕೊಳ್ಳಲು ಅವಳನ್ನೂ ಕರೆದುಕೊಂಡು ಹೋಗುವುದುಂಟು. ಆ ನಾಲ್ಕು ದಿನ ಅವಳಿಗೆ ರಜೆಯೋ ಕೆಲಸವೋ? ಈ ಪ್ರಶ್ನೆಗೆ ಉತ್ತರ ಕೊಡಲು ಯಾವ ಸರ್ಕಾರದ ಅಪ್ಪಣೆಯೂ ಬೇಡ.

ಕನ್ನಡ ಸಂಘಗಳು ಮಾಡಬಹುದಾದ ಕೆಲಸಗಳಿವೆ. ಟಿಡಬ್ಲ್ಯೂಸಿ2, ಹೋಮ್, ಹೆಲ್ತ್‌ಸರ್ವ್ ಇವು ಸಿಂಗಪುರದಲ್ಲಿ ವಲಸೆ ಕಾರ್ಮಿಕರ ನಡುವೆ ವರ್ಷಗಳಿಂದ ಕೆಲಸ ಮಾಡುತ್ತಿರುವ ಸಂಸ್ಥೆಗಳು. ಕಾರ್ಮಿಕರ ಭಾಷೆ ಬಲ್ಲವರು ಅಂತಹ ಕೆಲಸಕ್ಕೆ ಎಂದಿಗೂ ಬೇಕು. ಕನ್ನಡ, ತುಳು, ಕೊಂಕಣಿ ಮಾತಾಡುವ ಹಡಗಿನ ನೌಕರರ ನೆನಪುಗಳನ್ನು ಕೇಳಿ ಬರೆದಿಡುವುದು ಇನ್ನೊಂದು ಕೆಲಸ. ಇಪ್ಪತ್ತು ಮೂವತ್ತು ವರ್ಷ ಕಡಲಿನಲ್ಲಿ ದುಡಿದು ಉಳ್ಳಾಲದಲ್ಲೋ ಕುಮಟಾದಲ್ಲೋ ಈಗ ಮನೆಯ ಜಗುಲಿಯಲ್ಲಿ ಕೂತಿರುವವರಲ್ಲಿ ಕನ್ನಡ ಪ್ರವಾಸಸಾಹಿತ್ಯದ ಬರೆಯದ ಅರ್ಧವಿದೆ. ಅಲ್ಲಿ ಸಮುದ್ರದ ಸೂರ್ಯೋದಯದ ವರ್ಣನೆ ಕಡಿಮೆ ಇರಬಹುದು. ಎಂಜಿನ್ ಕೋಣೆಯ ಸೆಕೆ, ಅಡುಗೆಮನೆಯ ಪಾತ್ರೆ, ಬಂದರಿನ ಫೋನ್ ಬೂತಿನ ಮುಂದಿನ ಸಾಲು ಇರುತ್ತವೆ. ಡೆಕ್ಕಿನಲ್ಲಿ ಬಂದವರ ಕಥೆಗಳು ಸಿಂಗಪುರದ ತಮಿಳರಲ್ಲಿ ಉಳಿದಿರುವುದು ಅವರು ಅವುಗಳನ್ನು ಹೇಳಿಕೊಂಡದ್ದರಿಂದ. ಕನ್ನಡಕ್ಕೆ ಆ ಕೆಲಸ ಇನ್ನೂ ಬಾಕಿಯಿದೆ, ಹೇಳುವವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.

ಮೂರನೆಯ ಕೆಲಸ ತೀರ ಚಿಕ್ಕದು. ಸಂಘದ ಯುಗಾದಿ, ರಾಜ್ಯೋತ್ಸವಗಳ ಕರೆಯೋಲೆಯಲ್ಲಿ ‘ಸಪರಿವಾರ’ ಎಂಬ ಪದ ಅಚ್ಚಾಗುತ್ತದೆ. ಸಮಾರಂಭದ ದಿನ ಆ ಪರಿವಾರ ಎಲ್ಲಿರುತ್ತದೆ? ಮಗುವನ್ನು ಎತ್ತಿಕೊಂಡು ಸಭಾಂಗಣದ ಹಿಂದಿನ ಬಾಗಿಲ ಬಳಿ ನಿಂತಿರುತ್ತದೆ, ಎಲ್ಲರ ಊಟವಾದ ಮೇಲೆ ಉಣ್ಣುತ್ತದೆ. ಮುಂದಿನ ಸಮಾರಂಭದಲ್ಲಿ ಮೊದಲ ಪಂಕ್ತಿಯಲ್ಲೇ ಅವರಿಗೂ ಎಲೆ ಹಾಕಿ ಬಡಿಸಲಿ. ಬಡಿಸುವ ಸರದಿ ಅಂದು ಕುಟುಂಬಗಳದಾಗಿರಲಿ.